ಕ್ಯಾನು ತುಂಬಿ ಹರಿದ ಹೊತ್ತು

ಈ ವ್ಯಾನು ಮೊದಲು ಬೇಕರಿಯದ್ದು.
ಹಾಸಿಗೆ, ಒಲೆ, ಪರದೆ ಎಲ್ಲ ನಾವೇ ಕೂರಿಸಿದ್ದು;
ವಾಸನೆ ಮಾತ್ರ ಹಳೆಯ ಮಾಲೀಕನದು.
ಚಳಿಗೆ ಹೀಟರ್ ಹಚ್ಚಿದರೆ ಸಾಕು,
ತಗಡಿನ ಯಾವ ಸಂದಿಯಿಂದಲೋ
ಬೆಳಗಿನ ಐದು ಗಂಟೆಯ ಬ್ರೆಡ್ಡು ಎದ್ದು ಬರುತ್ತದೆ.
ಹಸಿವಾಗುತ್ತದೆ. ಇವತ್ತೂ ಹಾಗೇ ಆಯಿತು.

ಬಾಗಿಲು ಸರಿಸಿದರೆ ಸಾಲ್ವೇ ಕೊಲ್ಲಿ.
ನೀರು ಹೊರಟುಹೋಗಿದೆ, ಎಲ್ಲಿಗೆಂದು ಹೇಳದೆ;
ಮೈಲುಗಟ್ಟಲೆ ಕೆಸರು,
ಕೆಸರಿಗೆ ಹಕ್ಕಿಕಾಲಿನ ಹೊಲಿಗೆ.
ಅಕ್ಟೋಬರಿನ ಬಿಸಿಲು ತೆಳ್ಳಗೆ,
ನೀರು ಜಾಸ್ತಿಯಾದ ಮಜ್ಜಿಗೆ.

ಲಾಕ್ಲನ್ ಆಗಲೇ ಹೊರಗಿದ್ದಾನೆ,
ಪೈಜಾಮದ ಮೇಲೆ ಮಳೆಕೋಟು,
ಕೊರಳಲ್ಲಿ ದುರ್ಬೀನು, ಕಿವಿಗೆ ಸಿಕ್ಕಿಸಿದ ಮೊಂಡು ಪೆನ್ಸಿಲು.
ನಲವತ್ತು ವರ್ಷ ಬಸ್ಸು ಓಡಿಸಿ, ಟಿಕೇಟು ಹರಿದು ಕೊಟ್ಟ ಕೈ
ಈಗ ಹಕ್ಕಿ ಲೆಕ್ಕ ಬರೆಯುತ್ತದೆ:
ಟಿಟ್ಟಿಭ ಅರವತ್ತೆರಡು. ಕಡಲ ಗೊರವ ಒಂಬತ್ತು.
ಬೂದು ಬಕ ಒಂದೇ, ಯಾವಾಗಲೂ ಒಂದೇ,
ಸಾಲ ವಸೂಲಿಗೆ ಬಂದವನ ಹಾಗೆ ನಿಂತಿರುತ್ತದೆ.
ಹತ್ತಿದವರೆಷ್ಟು, ಇಳಿದವರೆಷ್ಟು ಎಂಬ ಚಟ
ನಿವೃತ್ತಿಗೂ ಬಗ್ಗಲಿಲ್ಲ.

ನನಗೆ ಹಕ್ಕಿಗಳ ಹೆಸರು ನಿಲ್ಲುವುದಿಲ್ಲ.
ನನ್ನದು ಗೇಟುಗಳ ಲೆಕ್ಕ. ಇವತ್ತು ಏಳು ದಾಟಿದೆವು.
ಒಂದಕ್ಕೆ ನೀಲಿ ಹಗ್ಗ,
ಒಂದಂತೂ ಯಾರದೋ ಹಳೇ ಮಂಚದ ತಲೆಕಡೆ.
ತೆರೆದಿದ್ದರೆ ತೆರೆದೇ ಇರಲಿ, ಮುಚ್ಚಿದ್ದರೆ ಮುಚ್ಚು;
ಇಲ್ಲಿಯ ಶಾಸ್ತ್ರ ಇಷ್ಟೇ.
ಬೇಲಿಯುದ್ದಕ್ಕೂ ಕೊನೆಯ ಬ್ಲ್ಯಾಕ್‌ಬೆರಿ,
ಹುಳಿ, ಅರ್ಧ ಹುಳ ತಿಂದಿದ್ದು.
ಮಿಕ್ಕರ್ಧ ನಾವು ತಿಂದೆವು.

ಐದನೆಯ ಗೇಟಿನಲ್ಲಿ ಜೀನೆಟ್ ಮೆಕ್‌ಗಫಿ
ಟಗರಿನ ಎದೆಗೆ ಕೆಂಪು ಬಣ್ಣ ಬಳಿಯುತ್ತ,
"ಹೆಬ್ಬಾತುಗಳು ಇನ್ನೂ ಬಂದಿಲ್ಲ" ಅಂದಳು.
"ಬಂದರೆ ನನ್ನ ಹುಲ್ಲೆಲ್ಲ ಮೇದು ಹಾಕ್ತವೆ.
ಬರದಿದ್ದರೆ ನಿದ್ದೆ ಬರಲ್ಲ."

ಆರನೆಯ ಗೇಟಿನಾಚೆ ಲಾಕ್ಲನ್ ಗಕ್ಕನೆ ನಿಂತ.
ಕೈ ಹಿಂದಕ್ಕೆ ಚಾಚಿ ನನ್ನನ್ನೂ ನಿಲ್ಲಿಸಿದ.
ದೂರದ ಬೇಲಿಗಂಬದ ಮೇಲೆ ಬೆಳ್ಳಗೆ ಏನೋ
ತಲೆ ತಿರುಗಿಸಿತು, ರೆಕ್ಕೆ ಅರೆಬಿಚ್ಚಿತು.
"ಹಿಮಗೂಬೆ" ಎಂದ, ಉಸಿರಿನಲ್ಲೇ.
ಇಪ್ಪತ್ತು ನಿಮಿಷ, ಒದ್ದೆ ಹುಲ್ಲಿನಲ್ಲಿ ಮೊಣಕೈ ಊರಿ,
ಮದುವೆಯ ದಿನವೂ ನನ್ನನ್ನು ಇಷ್ಟು ಹೊತ್ತು ನೋಡದವನು
ನೋಡಿದ.
ಗಾಳಿ ಬಂತು. ಹಿಮಗೂಬೆ ಪಟಪಟ ಬಡಿದುಕೊಂಡು,
ಹೊಟ್ಟೆ ತುಂಬ ಗಾಳಿ ಕುಡಿದು,
ಗೊಬ್ಬರ ಕಂಪನಿಯ ಹೆಸರು ತೋರಿಸಿತು.
ಹಗ್ಗ ಹಾವಾಗುವುದು ಕೇಳಿದ್ದೆ;
ಚೀಲ ಗೂಬೆಯಾದದ್ದು ಇವತ್ತೇ.
ನಗಬಾರದೆಂದು ನಾನು ತುಟಿ ಕಚ್ಚಿದೆ.
ಅವನೇ ಮೊದಲು ನಕ್ಕ. ಪುಸ್ತಕ ತೆಗೆದು ಬರೆದ:
ಚೀಲ, ಒಂದು. ವಯಸ್ಕ.

ಮಧ್ಯಾಹ್ನದ ಬಗ್ಗೆ ಹೇಳುವಂಥದ್ದೇನಿಲ್ಲ.
ಸೂಪು. ನಿದ್ದೆ.
ವ್ಯಾನಿನ ಕನ್ನಡಿಯಲ್ಲಿ ತನ್ನನ್ನೇ ಕಂಡು
ಜಗಳ ತೆಗೆದ ಒಂದು ರಾಬಿನ್.
ಕನ್ನಡಿಗೆ ಲಾಕ್ಲನ್ನನ ಕಾಲುಚೀಲ ತೊಡಿಸಿದೆ.
ಇಬ್ಬರು ರಾಬಿನ್ನರಿಗೂ ನೆಮ್ಮದಿ.

ಸಂಜೆ ಅವನು ಕ್ಯಾನು ಹಿಡಿದು ನಲ್ಲಿಯ ಕಡೆ ಹೋದ.
ನಾನು ಮೆಟ್ಟಿಲ ಮೇಲೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದೆ.
ಮೊದಲು ಸದ್ದು:
ದೂರದಲ್ಲೆಲ್ಲೋ ಶಾಲೆ ಬಿಟ್ಟ ಹಾಗೆ.
ಆಮೇಲೆ ಉತ್ತರದ ಆಕಾಶಕ್ಕೆ ಒಂದು ಎಳೆ, ಇನ್ನೊಂದು ಎಳೆ,
ಎಳೆ ಹರಿದು, ಎಳೆ ಕೂಡಿ,
ಹಿಮದ ದ್ವೀಪಗಳಿಂದ ನಿದ್ದೆಗೆಟ್ಟು ಬಂದ ಹೆಬ್ಬಾತುಗಳು,
ಬಿಳಿ ಮುಖ, ಕರಿ ಕೊರಳು,
ನಮ್ಮ ವ್ಯಾನಿನ ಮೇಲೆಯೇ, ಎಷ್ಟು ಕೆಳಗೆಂದರೆ
ರೆಕ್ಕೆಯ ಕೀಲು ಕಿರುಗುಟ್ಟಿದ್ದು ಕೇಳಿತು.
ಕೂಗಿ ಕರೆಯಬೇಕೆಂದುಕೊಂಡೆ.
ಬಾಯಿ ತೆರೆದೇ ಇತ್ತು, ಸ್ವರ ಬರಲಿಲ್ಲ.
ಅತ್ತ ನಲ್ಲಿಯ ಬಳಿ ಲಾಕ್ಲನ್,
ದುರ್ಬೀನಿಲ್ಲದೆ, ತಲೆಯೆತ್ತಿ,
ಕ್ಯಾನು ತುಂಬಿ, ಉಕ್ಕಿ, ಬೂಟಿನೊಳಗೆ ಹರಿಯುತ್ತಿದ್ದರೂ
ನಿಂತೇ ಇದ್ದ.

ಅವು ಕೆಸರಿಗಿಳಿದು, ಜಾಗದ ಜಗಳ ಮುಗಿಸುವಷ್ಟರಲ್ಲಿ ಕತ್ತಲೆ.
ಹೀಟರ್ ಹಚ್ಚಿದೆವು. ಬ್ರೆಡ್ಡು ಎದ್ದು ಬಂತು.
ಒಣ ಕಾಲುಚೀಲ ಹುಡುಕಿದರೆ ಒಂದೇ ಸಿಕ್ಕಿತು;
ಅದರ ಜೋಡಿ ಹೊರಗೆ, ಕನ್ನಡಿಯ ಮೇಲೆ.
ಒಂದು ಕಾಲು ಬೆಚ್ಚಗೆ, ಒಂದು ಕಾಲು ತಣ್ಣಗೆ,
ಕಿವಿಯಿಂದ ಪೆನ್ಸಿಲ್ ತೆಗೆದ.
"ಹೆಬ್ಬಾತು" ಎಂದು ಬರೆದ.
ಮುಂದಿನ ಜಾಗ ಖಾಲಿ ಬಿಟ್ಟ.

"ಎಷ್ಟು?" ಅಂದೆ.

"ಬಸ್ಸು ತುಂಬಿತ್ತು" ಅಂದ.

ದೂರದಲ್ಲಿ, ಐದನೆಯ ಗೇಟಿನ ಕಡೆ,
ಜೀನೆಟ್ ಮನೆಯ ದೀಪ ಬೇಗನೆ ಆರಿತು.